ಹೆಸರು ಕೇಳಿದ ಎಲ್ಸಾ



ಇವತ್ತು ನಾನು ಹೇಳಹೊರಟಿರುವುದು ಒಂದು ಜರ್ಮನ್ ಗೀತನಾಟಕದ ವಿಚಾರ. ಹೆಸರು ‘ಲೋಹೆನ್‌ಗ್ರಿನ್’. ಬರೆದವನು ರಿಚರ್ಡ್ ವಾಗ್ನರ್. ಮಾತೂ ಅವನದೇ, ಸಂಗೀತವೂ ಅವನದೇ. ಇದನ್ನು ಅವನು ‘ರೊಮ್ಯಾಂಟಿಕ್ ಆಪೆರಾ’ ಎಂದು ಕರೆದ. ಹಾಗೆ ಕರೆದ ಕೊನೆಯ ಕೃತಿಯೂ ಇದೇ. ಮುಂದೆ ಬರೆದವುಗಳಿಗೆ ಆ ಹೆಸರು ಅವನಿಗೆ ಒಗ್ಗಲಿಲ್ಲ.

ಈ ನಾಟಕದ ನಾಯಕಿ ಎಲ್ಸಾ. ಕೇಳಬಾರದ ಪ್ರಶ್ನೆ ಕೇಳಿ ಕೈಗೆ ಬಂದ ಸುಖವನ್ನು ಕಳೆದುಕೊಂಡವಳು ಎಂದು ಅವಳನ್ನು ನೂರಾರು ಬಾರಿ ದೂರಿದ್ದಾರೆ. ವಿಶ್ವಾಸವಿಲ್ಲದವಳು, ಚಂಚಲೆ ಎಂದಿದ್ದಾರೆ. ಈ ದೂರನ್ನು ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನು ಹೇಳಬೇಕಾದರೆ ಮೊದಲು ಕತೆ ಹೇಳಬೇಕು.

ಹತ್ತನೆಯ ಶತಮಾನದ ಮೊದಲರ್ಧ. ಈಗ ಬೆಲ್ಜಿಯಂನಲ್ಲಿರುವ ಆಂಟ್‌ವರ್ಪ್ ಊರು. ಶೆಲ್ಡೆ ನದಿಯ ದಂಡೆ. ಜರ್ಮನ್ ದೊರೆ ಹೈನ್ರಿಶ್ ಓಕ್ ಮರದ ಕೆಳಗೆ ನ್ಯಾಯಕ್ಕೆ ಕುಳಿತಿದ್ದಾನೆ. ಈ ಹೈನ್ರಿಶ್ ಕಟ್ಟುಕತೆಯವನಲ್ಲ, 919ರಿಂದ 936ರವರೆಗೆ ನಿಜವಾಗಿ ಆಳಿದವನು. ಹಂಗೇರಿಯನ್ನರ ಜತೆ ಮಾಡಿಕೊಂಡಿದ್ದ ಒಂಬತ್ತು ವರ್ಷದ ಕದನವಿರಾಮ ಮುಗಿದಿದೆ. ದಂಡು ಕೂಡಿಸಲು ಬ್ರಬಾಂಟ್ ಸೀಮೆಗೆ ಬಂದಿದ್ದಾನೆ. ಬಂದು ನೋಡಿದರೆ ಆ ಸೀಮೆಗೆ ಒಡೆಯನೇ ಇಲ್ಲ. ಹಿಂದಿನ ಡ್ಯೂಕ್ ತೀರಿಕೊಂಡಿದ್ದಾನೆ. ಅವನಿಗೆ ಇಬ್ಬರು ಮಕ್ಕಳು: ಎಲ್ಸಾ, ಅವಳ ತಮ್ಮ ಗಾಟ್‌ಫ್ರೀಡ್. ಒಂದು ದಿನ ಅಕ್ಕ ತಮ್ಮ ಕಾಡಿನ ಕಡೆ ಹೋದರು. ಅಕ್ಕ ಒಬ್ಬಳೇ ತಿರುಗಿ ಬಂದಳು. ಹುಡುಗ ಏನಾದ ಎಂದು ಯಾರಿಗೂ ಗೊತ್ತಿಲ್ಲ. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಟೆಲ್ರಾಮುಂಡ್ ಎಂಬ ಸರದಾರ ಈಗ ದೊರೆಯ ಮುಂದೆ ನಿಂತು, ತಮ್ಮನನ್ನು ಕೊಂದವಳು ಇವಳೇ ಎಂದು ಎಲ್ಸಾಳ ಮೇಲೆ ಆರೋಪ ಹೊರಿಸುತ್ತಾನೆ. ಅವನ ಹೆಂಡತಿ ಓರ್ಟ್ರೂಡ್ ಪಕ್ಕದಲ್ಲಿದ್ದಾಳೆ, ಒಂದು ಮಾತೂ ಆಡದೆ.

ಆ ಕಾಲದಲ್ಲಿ ಇಂಥ ವ್ಯಾಜ್ಯ ತೀರುತ್ತಿದ್ದುದು ಕತ್ತಿಯಿಂದ. ಆರೋಪ ಹೊತ್ತವರ ಪರವಾಗಿ ಒಬ್ಬ ವೀರ ನಿಂತು ಹೋರಾಡಬೇಕು, ಗೆದ್ದವನ ಕಡೆ ದೇವರಿದ್ದಾನೆ ಎಂಬ ನಂಬಿಕೆ. ಎಲ್ಸಾ ತನ್ನ ಪರ ಯಾರನ್ನೂ ಹೆಸರಿಸುವುದಿಲ್ಲ. ಕನಸಿನಲ್ಲಿ ಕಂಡ ಒಬ್ಬ ವೀರ ಬರುತ್ತಾನೆ ಎನ್ನುತ್ತಾಳೆ. ಸಾರುವವನು ಕಹಳೆ ಊದಿಸಿ ಕೂಗುತ್ತಾನೆ. ಉತ್ತರವಿಲ್ಲ. ಇನ್ನೊಮ್ಮೆ ಕೂಗುತ್ತಾನೆ, ಆಗಲೂ ಇಲ್ಲ. ಎಲ್ಸಾ ಮೊಣಕಾಲೂರಿ ಪ್ರಾರ್ಥಿಸುತ್ತಾಳೆ. ಆಗ ನದಿಯ ತಿರುವಿನಲ್ಲಿ ಹಂಸವೊಂದು ಎಳೆದುಕೊಂಡು ಬರುವ ಚಿಕ್ಕ ದೋಣಿ ಕಾಣುತ್ತದೆ. ಅದರಲ್ಲಿ ಬೆಳ್ಳಿಯ ಕವಚ ತೊಟ್ಟ ವೀರ. ದಂಡೆಯ ಮೇಲಿನ ಗಂಡಸರು ಅವನನ್ನು ಕಂಡವರು ಕಂಡಂತೆ ಹಾಡತೊಡಗುತ್ತಾರೆ. ಮೊದಲು ನಾಲ್ಕಾರು ದನಿ, ಆಮೇಲೆ ಹತ್ತಾರು, ಕೊನೆಗೆ ಇಡೀ ಮೇಳ. ಎಂಟು ಪಾಲಾಗಿ ಒಡೆದ ಆ ಮೇಳಗಾಯನ ಒಂದರ ಮೇಲೊಂದು ಹತ್ತಿ ಏರುವಾಗ ಕೇಳುವವನೂ ದಂಡೆಯ ಜನದಲ್ಲಿ ಒಬ್ಬನಾಗಿಬಿಡುತ್ತಾನೆ.

ವೀರ ಒಂದು ಷರತ್ತು ಹಾಕುತ್ತಾನೆ. ನಿನ್ನ ಪರ ಹೋರಾಡುತ್ತೇನೆ, ಗೆದ್ದರೆ ಮದುವೆಯಾಗುತ್ತೇನೆ. ಆದರೆ ನನ್ನ ಹೆಸರೇನು, ಊರು ಯಾವುದು, ಕುಲ ಯಾವುದು ಎಂದು ಎಂದೂ ಕೇಳಕೂಡದು. ಎಲ್ಸಾ ತಕ್ಷಣ ಒಪ್ಪುತ್ತಾಳೆ. ಅವನು ಅಷ್ಟಕ್ಕೇ ಬಿಡುವುದಿಲ್ಲ. ಅದೇ ಷರತ್ತನ್ನು ಅದೇ ರಾಗದಲ್ಲಿ, ಶ್ರುತಿ ಮಾತ್ರ ಏರಿಸಿ, ಮತ್ತೊಮ್ಮೆ ಹೇಳುತ್ತಾನೆ. ಮರುಕ್ಷಣ ತಾನು ಅವಳನ್ನು ಪ್ರೀತಿಸುತ್ತೇನೆ ಎನ್ನುತ್ತಾನೆ. ಕಾದಾಟದಲ್ಲಿ ಟೆಲ್ರಾಮುಂಡ್ ಸೋಲುತ್ತಾನೆ, ಪ್ರಾಣ ಮಾತ್ರ ಉಳಿಯುತ್ತದೆ.

ಈ ಕತೆ ಕನ್ನಡದವರಿಗೆ ತೀರ ಹೊಸದಲ್ಲ. ಶಂತನುವಿಗೆ ಗಂಗೆ ಹಾಕಿದ ಷರತ್ತೂ ಇದೇ ಬಗೆಯದು: ನಾನು ಯಾರೆಂದು ಕೇಳಬೇಡ, ಏನು ಮಾಡಿದರೂ ತಡೆಯಬೇಡ. ಏಳು ಕೂಸುಗಳು ನೀರಿನ ಪಾಲಾದವು. ಎಂಟನೆಯದಕ್ಕೆ ಅವನು ಬಾಯಿ ತೆರೆದ. ಅವಳು ತಾನು ಯಾರೆಂದು ತಿಳಿಸಿದಳು, ಹೊರಟುಹೋದಳು. ಹೋದವಳು ಮುಂದೆ ಆ ಎಂಟನೆಯ ಮಗ ದೇವವ್ರತನನ್ನು ತಂದೊಪ್ಪಿಸಿದ ಹಾಗೆಯೇ ಹಂಸದ ದೋಣಿಯ ವೀರ ಲೋಹೆನ್‌ಗ್ರಿನ್ ಕೂಡ ಹೋಗುವ ಮುನ್ನ ಬ್ರಬಾಂಟ್‌ಗೆ ಅದರ ಉತ್ತರಾಧಿಕಾರಿಯನ್ನು ಒಪ್ಪಿಸಿ ಹೋಗುತ್ತಾನೆ. ವಾಗ್ನರ್‌ಗೆ ಹೊಳೆದದ್ದು ಗ್ರೀಕರ ಕತೆ. ಜ್ಯೂಸ್ ದೇವನ ನಿಜರೂಪ ನೋಡಬೇಕೆಂದು ಹಟ ಹಿಡಿದು ಸುಟ್ಟುಹೋದ ಸೆಮಿಲಿಯನ್ನು ಅವನು 1851ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ನೆನೆಯುತ್ತಾನೆ. ಶಂತನು ಕೇಳಿದಾಗ ನಾವು ಯಾರೂ ಅವನನ್ನು ಹಳಿಯಲಿಲ್ಲ. ತಂದೆಯಾದವನು ಎಷ್ಟು ತಡೆದುಕೊಂಡಾನು ಎಂದೆವು. ಎಲ್ಸಾಳ ವಿಷಯದಲ್ಲಿ ಆ ಉದಾರತೆ ತೋರಿದವರು ಕಡಿಮೆ.

ಕತೆಯ ಮೂಲ ಹಳೆಯದು. ಹದಿಮೂರನೆಯ ಶತಮಾನದ ಆರಂಭದಲ್ಲಿ ವುಲ್ಫ್ರಮ್ ಫಾನ್ ಎಷೆನ್‌ಬಾಖ್ ಎಂಬ ಕವಿ ‘ಪಾರ್ಜಿವಾಲ್’ ಎಂಬ ಮಹಾಕಾವ್ಯ ಬರೆದ. ಅದರ ಕೊನೆಯಲ್ಲಿ ಪಾರ್ಜಿವಾಲನ ಮಗ ಹಂಸದ ದೋಣಿಯಲ್ಲಿ ಬ್ರಬಾಂಟ್‌ಗೆ ಹೋದ ಕತೆ ಚುಟುಕಾಗಿ ಬರುತ್ತದೆ. ಆಮೇಲೆ ಹೆಸರು ತಿಳಿಯದ ಕವಿಯೊಬ್ಬ ಅದನ್ನೇ ಹಿಗ್ಗಿಸಿ ಬೇರೊಂದು ಕಾವ್ಯ ಮಾಡಿದ. ಅದನ್ನು ಗೋರೆಸ್ ಎಂಬ ವಿದ್ವಾಂಸ 1813ರಲ್ಲಿ ಅಚ್ಚು ಹಾಕಿಸಿದ.

1845ರ ಬೇಸಿಗೆ. ವಾಗ್ನರ್ ಆಗ ಡ್ರೆಸ್ಡೆನ್ ಆಸ್ಥಾನದ ರಂಗಮಂದಿರದಲ್ಲಿ ಸಂಗೀತ ನಿರ್ದೇಶಕ, ವಯಸ್ಸು ಮೂವತ್ತೆರಡು. ಆರೋಗ್ಯ ಸುಧಾರಿಸಲೆಂದು ಬೊಹೀಮಿಯಾದ ಮಾರಿಯೆನ್‌ಬಾಡ್ ಎಂಬ ಊರಿನ ಖನಿಜಜಲದ ಚಿಕಿತ್ಸೆಗೆ ಹೋದ. ಮನಸ್ಸಿಗೆ ಉದ್ರೇಕವಾಗುವ ಕೆಲಸ ಬೇಡ ಎಂದು ವೈದ್ಯರ ಕಟ್ಟಪ್ಪಣೆ. ಆದರೆ ಕಂಕುಳಲ್ಲಿ ಇದ್ದದ್ದು ವುಲ್ಫ್ರಮನ ಕಾವ್ಯ ಮತ್ತು ಗೋರೆಸನ ಪುಸ್ತಕ. ಓದುತ್ತ ಓದುತ್ತ ಇಡೀ ನಾಟಕ ಕಣ್ಣಿಗೆ ಕಟ್ಟಿತು. ಒಂದು ಮಧ್ಯಾಹ್ನ ಸ್ನಾನದ ತೊಟ್ಟಿಗೆ ಇಳಿದವನು ಹೇಳಿದಷ್ಟು ಹೊತ್ತು ಕೂರಲಾರದೆ ಎದ್ದು, ಬಟ್ಟೆಯನ್ನೂ ಸರಿಯಾಗಿ ತೊಡದೆ ಕೋಣೆಗೆ ಓಡಿ ಬರೆಯತೊಡಗಿದ ಎಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಆ ಚಳಿಗಾಲ ಡ್ರೆಸ್ಡೆನ್‌ನ ಗೆಳೆಯರಿಗೆ ನಾಟಕದ ಮಾತನ್ನು ಓದಿ ಹೇಳಿದ. ಸಂಗೀತಗಾರ ರಾಬರ್ಟ್ ಶೂಮನ್ ಕೇಳುತ್ತಿದ್ದವರಲ್ಲಿ ಒಬ್ಬ. ಇದನ್ನು ಬಿಡಿಬಿಡಿ ಹಾಡುಗಳಾಗಿ ಎಲ್ಲಿ ಒಡೆಯುವುದು ಎಂದು ಅವನಿಗೆ ತಿಳಿಯಲಿಲ್ಲ. ಅವನಿಗೆ ಹಾಗೆ ಅನಿಸಿದ್ದು ಸಹಜ. ಹಾಡು, ನಿಲುಗಡೆ, ಚಪ್ಪಾಳೆ, ಮತ್ತೆ ಮಾತು ಎಂಬ ಹಳೆಯ ಕ್ರಮವನ್ನು ವಾಗ್ನರ್ ಇಲ್ಲಿ ಬಹುಮಟ್ಟಿಗೆ ಕಳಚಿಹಾಕಿದ್ದ.

ಹರ್ಮನ್ ಫ್ರಾಂಕ್ ಎಂಬ ಗೆಳೆಯ ಮತ್ತೊಂದು ಆಕ್ಷೇಪ ತೆಗೆದ. ಲೋಹೆನ್‌ಗ್ರಿನ್ ಹೊರಟುಹೋಗುವುದು ಎಲ್ಸಾಳಿಗೆ ತೀರ ಕ್ರೂರ ಶಿಕ್ಷೆಯಾಯಿತು ಎಂದ. ವಾಗ್ನರ್ ಸ್ವಲ್ಪ ಕಾಲ ತೂಗಾಡಿದ. ಕೊನೆಗೆ ಮೊದಲಿದ್ದ ಮುಕ್ತಾಯವನ್ನೇ ಉಳಿಸಿಕೊಂಡ. ಬೇರೆಯಾಗದೆ ಬೇರೆ ದಾರಿಯಿಲ್ಲ ಎಂದು ಅವನಿಗೆ ಖಚಿತವಾಗಿತ್ತು. ಹಾಗೆಂದು ಎಲ್ಸಾಳದೇ ತಪ್ಪು ಎಂದು ಅವನೂ ಭಾವಿಸಲಿಲ್ಲ. ಮುಂದೆ 1851ರಲ್ಲಿ ಬರೆದ ಆ ಪ್ರಬಂಧದಲ್ಲಿ, ತನ್ನನ್ನು ಪೂರ್ತಿ ಕ್ರಾಂತಿಕಾರಿಯನ್ನಾಗಿ ಮಾಡಿದವಳು ಎಲ್ಸಾ ಎಂದೇ ಹೇಳಿದ.

ಸಂಗೀತಕ್ಕೆ ಬರೋಣ. ನಾಟಕದ ಪರದೆ ಏಳುವ ಮುನ್ನ ಬರುವ ಪೀಠಿಕೆ ಸುಮಾರು ಒಂಬತ್ತು ನಿಮಿಷದ್ದು. ವಾಗ್ನರ್ ಇದನ್ನು ಬರೆದದ್ದು ಮೂರೂ ಅಂಕಗಳ ಕರಡು ಮುಗಿದ ಮೇಲೆ. ಮೊದಲು ಬಹುಮಟ್ಟಿಗೆ ಪಿಟೀಲುಗಳು, ಅವೂ ಹಲವು ಪಾಲಾಗಿ ಒಡೆದವು, ತಾರಸ್ಥಾಯಿಯ ತುತ್ತತುದಿಯಲ್ಲಿ. ತಂತಿಯನ್ನು ಒತ್ತದೆ ಬೆರಳು ತಾಗಿಸಿ ಮಾತ್ರ ಹುಟ್ಟಿಸುವ ಎಳೆನಾದ ಅದರಲ್ಲಿ ಸೇರಿದೆ. ಎಲ್ಲಿ ಶುರುವಾಯಿತು ಎಂದು ಕಿವಿಗೆ ಗೊತ್ತಾಗುವುದಿಲ್ಲ. ಅದೇ ರಾಗವನ್ನು ಮೆಲ್ಲಗೆ ಮರದ ಗಾಳಿವಾದ್ಯಗಳು ಕೆಳಗಿನ ಸ್ಥಾಯಿಯಲ್ಲಿ ಎತ್ತಿಕೊಳ್ಳುತ್ತವೆ. ಆಮೇಲೆ ಇನ್ನೂ ಕೆಳಗೆ ಮಂದ್ರದ ತಂತಿವಾದ್ಯ ಮತ್ತು ಕೊಂಬುಗಳು. ಕೊನೆಗೆ ಕಹಳೆ, ಟ್ರೋಂಬೋನುಗಳು ಸೇರಿ ಪೂರ್ಣಕಂಠದಲ್ಲಿ ಮೊಳಗುವಾಗ ತಾಳ ಬಡಿಯುತ್ತದೆ. ಆ ಬೆಳಕು ಮತ್ತೆ ಕರಗುತ್ತ ಕರಗುತ್ತ ಮೇಲಕ್ಕೆ, ಪಿಟೀಲುಗಳ ಆ ತುದಿಗೇ ಹೋಗಿ ಸೇರುತ್ತದೆ. ಕ್ರಿಸ್ತನ ರಕ್ತವನ್ನು ಹಿಡಿದ ಪವಿತ್ರ ಪಾತ್ರೆ ‘ಗ್ರೇಲ್’. ದೇವದೂತರು ಅದನ್ನು ಭೂಮಿಗೆ ತಂದು ಭಕ್ತರ ವಶಕ್ಕೆ ಕೊಟ್ಟು ತಿರುಗಿ ಹೋಗುವ ದೃಶ್ಯವಿದು ಎಂದು ವಾಗ್ನರನೇ ವಿವರಿಸಿದ್ದಾನೆ. ಆ ವಿವರಣೆ ಗೊತ್ತಿಲ್ಲದಿದ್ದರೂ ನಷ್ಟವಿಲ್ಲ. ಮೇಲಿನಿಂದ ಏನೋ ಇಳಿಯಿತು, ನಮ್ಮ ಬಳಿ ಒಂದು ಕ್ಷಣ ನಿಂತಿತು, ಹೊರಟುಹೋಯಿತು ಎಂಬುದು ಕಿವಿಗೇ ತಿಳಿಯುತ್ತದೆ. ಇಡೀ ನಾಟಕದ ಕತೆಯೂ ಅಷ್ಟೇ.

ಪಾತ್ರಕ್ಕೊಂದು ಶ್ರುತಿ ಇಟ್ಟಿರುವುದು ಈ ಕೃತಿಯ ಇನ್ನೊಂದು ಕುಶಲತೆ. ಲೋಹೆನ್‌ಗ್ರಿನ್ ಮತ್ತು ಗ್ರೇಲ್‌ನ ಶ್ರುತಿ ಎ ಮೇಜರ್. ಎಲ್ಸಾಳದು ಅದರಿಂದ ಅರ್ಧ ಸ್ವರ ಕೆಳಗೆ, ಎ ಫ್ಲ್ಯಾಟ್. ಹತ್ತಿರವೇ, ಆದರೆ ಎಂದೂ ಒಂದಾಗದಷ್ಟು ದೂರ. ಓರ್ಟ್ರೂಡಳದು ಎಫ್ ಶಾರ್ಪ್ ಮೈನರ್. ಎರಡನೆಯ ಅಂಕ ತೆರೆಯುವುದೇ ಅವಳ ಕತ್ತಲಿನಲ್ಲಿ. ಅರಮನೆಯೊಳಗೆ ಹಬ್ಬದ ವಾದ್ಯ ಕೇಳುತ್ತಿದೆ; ಹೊರಗೆ ಇಗರ್ಜಿಯ ಮೆಟ್ಟಿಲ ಮೇಲೆ ಸೋತ ಗಂಡ ಹೆಂಡತಿ ಕೂತಿದ್ದಾರೆ. ಓರ್ಟ್ರೂಡ್ ಹಳೆಯ ದೇವರುಗಳಾದ ವೋಡಾನ್, ಫ್ರೈಯಾರನ್ನು ಕೂಗಿ ಸೇಡಿಗೆ ಬಲ ಬೇಡುತ್ತಾಳೆ. ಎಲ್ಸಾ ಉಪ್ಪರಿಗೆಯಿಂದ ಇಳಿದು ಬಂದಾಗ ಅವಳ ಕಾಲಿಗೆ ಬಿದ್ದು ಗೋಗರೆಯುತ್ತಾಳೆ. ಎಲ್ಸಾ ಮರುಗಿ ಒಳಗೆ ಕರೆದುಕೊಳ್ಳುತ್ತಾಳೆ. ಆಗ ಓರ್ಟ್ರೂಡ್ ಕಿವಿಯಲ್ಲಿ ಒಂದೇ ಒಂದು ಹನಿ ವಿಷ ಬಿಡುತ್ತಾಳೆ: ಮಾಯೆಯಿಂದ ಬಂದವನು ಮಾಯೆಯಿಂದಲೇ ಹೋಗಿಬಿಟ್ಟರೆ?

ಇಲ್ಲಿ ನಿಂತು ಯೋಚಿಸಿ. ಈ ಹೆದರಿಕೆ ಎಲ್ಸಾಳಿಗೆ ಹೊರಗಿನಿಂದ ಬಂದದ್ದೇ? ತಮ್ಮನ ಜತೆ ನಡೆದುಹೋದವಳು ಅವಳು. ಹೊರಳಿ ನೋಡುವುದರೊಳಗೆ ತಮ್ಮ ಇಲ್ಲ. ಪ್ರೀತಿಸಿದವರು ಹೇಳದೆ ಕೇಳದೆ ಮಾಯವಾಗಬಲ್ಲರು ಎಂಬುದನ್ನು ಅವಳು ಆಗಲೇ ಅನುಭವಿಸಿದ್ದಾಳೆ. ಅದಕ್ಕಾಗಿ ಕೊಲೆಗಾತಿ ಎನಿಸಿಕೊಂಡಿದ್ದಾಳೆ. ಅಂಥವಳ ಎದುರು ನಿಂತು, ನಾನು ಯಾರೆಂದು ಹೇಳುವುದಿಲ್ಲ, ಸುಮ್ಮನೆ ನಂಬು ಎನ್ನುವುದು ಎಂಥ ಭಾರ! ಓರ್ಟ್ರೂಡ್ ಮಾಡಿದ್ದು ಇದ್ದ ಗಾಯವನ್ನು ಮುಟ್ಟಿದ್ದು ಮಾತ್ರ.

ಮೂರನೆಯ ಅಂಕದ ಆರಂಭದಲ್ಲಿ ಮದುವೆಯ ಮೇಳಗೀತ ಬರುತ್ತದೆ. ಇದನ್ನು ನೀವು ಕೇಳಿಯೇ ಇರುತ್ತೀರಿ. ಬೆಂಗಳೂರು, ಮಂಗಳೂರಿನ ಕ್ರೈಸ್ತ ಮದುವೆಗಳಲ್ಲಿ ಮದುಮಗಳು ಕಾಲಿಡುವಾಗ ಆರ್ಗನ್ನಿನಲ್ಲೋ ಬ್ಯಾಂಡಿನಲ್ಲೋ ನುಡಿಸುವ ರಾಗ ಇದು. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಹಿರಿಯ ಮಗಳ ಮದುವೆ 1858ರ ಜನವರಿಯಲ್ಲಿ ಲಂಡನ್ನಿನಲ್ಲಿ ನಡೆದಾಗ ನುಡಿಸಿದ ಮೇಲೆ ಇದು ಮದುವೆಮನೆಗಳ ರೂಢಿಯಾಯಿತು ಎನ್ನುತ್ತಾರೆ. ನಾಟಕದಲ್ಲಿ ಇದನ್ನು ಹಾಡುವುದು ನಡೆದುಬರುವಾಗ ಅಲ್ಲ. ಮದುವೆ ಮುಗಿದು ವಧೂವರರನ್ನು ಶಯನಗೃಹಕ್ಕೆ ಬಿಡುವಾಗ. ಹಾಡಿದವರು ಹೊರಟು ದನಿ ದೂರವಾದ ಮೇಲೆ ಮೊದಲ ಬಾರಿಗೆ ಗಂಡ ಹೆಂಡತಿ ಇಬ್ಬರೇ ಉಳಿಯುತ್ತಾರೆ.

ಈ ಯುಗಳಗೀತವೇ ನಾಟಕದ ಜೀವ. ಮೊದಲ ಮಾತೆಲ್ಲ ಮೃದು. ಅವನು ಅವಳ ಹೆಸರು ಹಿಡಿದು ಕರೆಯುತ್ತಾನೆ. ನಿನ್ನ ಬಾಯಲ್ಲಿ ನನ್ನ ಹೆಸರು ಎಷ್ಟು ಸವಿ, ನಿನ್ನ ಹೆಸರನ್ನು ನಾನು ಹಾಗೆ ಕರೆಯಬಾರದೇ ಎಂದು ಅವಳು. ಅಷ್ಟೇ ಶುರು. ಎಂಥ ಸಹಜವಾದ ಆಸೆ! ಅವನು ಮಾತು ಮರೆಸಲು ಕಿಟಕಿಯಾಚೆಯ ಹೂವಿನ ಪರಿಮಳ ತೋರಿಸುತ್ತಾನೆ. ಅವಳು ಬಿಡುವುದಿಲ್ಲ. ನಿನಗೇನಾದರೂ ಅಪಾಯವಿದ್ದರೆ ಗುಟ್ಟನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಸತ್ತರೂ ಬಿಡುವುದಿಲ್ಲ ಎನ್ನುತ್ತಾಳೆ. ಆಗ ಅವನು ಅವಳಿಗೆ ಧೈರ್ಯ ತುಂಬಲೆಂದು ಒಂದು ಮಾತು ಆಡಿಬಿಡುತ್ತಾನೆ: ನಾನು ಕತ್ತಲಿನಿಂದಲೋ ದುಃಖದಿಂದಲೋ ಬಂದವನಲ್ಲ, ಬೆಳಕಿನಿಂದ ಆನಂದದಿಂದ ಬಂದವನು. ಈ ಮಾತೇ ಅವಳನ್ನು ಮುರಿಯುತ್ತದೆ. ಅಂಥ ಬೆಳಕನ್ನು ಬಿಟ್ಟು ಬಂದವನು ನನ್ನ ಬಳಿ ಎಷ್ಟು ದಿನ ಇದ್ದಾನು ಎಂದು ಅವಳ ಎದೆ ಹಾರುತ್ತದೆ. ಹಂಸ ಬರುತ್ತಿದೆ, ಅಗೋ, ನಿನ್ನನ್ನು ಕರೆದೊಯ್ಯಲು ಎಂದು ಇಲ್ಲದ್ದನ್ನು ಕಾಣುತ್ತಾಳೆ. ವಾದ್ಯಮೇಳದಲ್ಲಿ ಆ ಮೊದಲಿನ ಷರತ್ತಿನ ರಾಗ ನುಗ್ಗಿ ಬರುತ್ತದೆ. ಅವಳು ಕೇಳಿಬಿಡುತ್ತಾಳೆ: ಹೆಸರು, ಊರು, ಕುಲ.

ಅದೇ ಗಳಿಗೆಗೆ ಟೆಲ್ರಾಮುಂಡ್ ನಾಲ್ವರನ್ನು ಕೂಡಿಕೊಂಡು ಕತ್ತಿ ಹಿರಿದು ಒಳನುಗ್ಗುತ್ತಾನೆ. ಆಗ ಮೊದಲು ಕಂಡವಳು ಎಲ್ಸಾ. ಓಡಿಹೋಗಿ ಗಂಡನ ಕೈಗೆ ಅವನ ಕತ್ತಿ ಕೊಡುವವಳೂ ಎಲ್ಸಾ. ಒಂದೇ ಏಟಿಗೆ ಟೆಲ್ರಾಮುಂಡ್ ಸಾಯುತ್ತಾನೆ. ವಿಶ್ವಾಸವಿಲ್ಲದವಳು ಎಂದು ಅವಳನ್ನು ಹಳಿಯುವವರು ಈ ಚಿಕ್ಕ ರಂಗಸೂಚನೆಯನ್ನು ಗಮನಿಸುವುದೇ ಇಲ್ಲ. ಪ್ರಶ್ನೆ ಕೇಳಿದ ಮರುಕ್ಷಣ ಅವನ ಪ್ರಾಣ ಉಳಿಸಿದವಳು ಅವಳು. ಅವಳ ಪ್ರೀತಿ ಪ್ರಶ್ನೆಯಿಂದ ಕಡಿಮೆಯಾಗಲಿಲ್ಲ.

ಮರುದಿನ ಬೆಳಿಗ್ಗೆ, ನದಿಯ ದಂಡೆಯಲ್ಲಿ, ಎಲ್ಲರ ಮುಂದೆ ಅವನು ಉತ್ತರ ಹೇಳುತ್ತಾನೆ. ಯಾರೂ ತಲುಪಲಾಗದ ದೂರದ ಕೋಟೆ, ಅಲ್ಲಿ ಗ್ರೇಲ್, ಅದನ್ನು ಕಾಯುವ ವೀರರು. ಹೊರಗೆ ಕಳಿಸಿದ ವೀರನ ಬಲ ಉಳಿಯುವುದು ಅವನ ಗುರುತು ಸಿಗದಿರುವ ತನಕ. ನನ್ನ ತಂದೆ ಪಾರ್ಜಿವಾಲ್, ನಾನು ಲೋಹೆನ್‌ಗ್ರಿನ್. ಪೀಠಿಕೆಯ ಪಿಟೀಲುಗಳು ಈಗ ಮತ್ತೆ ಬರುತ್ತವೆ, ಆ ಹೊತ್ತು ಕೇಳಿದ್ದರ ಅರ್ಥ ಈಗ ಬಿಡಿಸಿಕೊಳ್ಳುತ್ತದೆ. ಹಂಸ ಬರುತ್ತದೆ. ಹುಡುಗನ ಕೊರಳಿಗೆ ಸರಪಳಿ ತೊಡಿಸಿ ಹಂಸ ಮಾಡಿದ್ದು ನಾನೇ ಎಂದು ಓರ್ಟ್ರೂಡ್ ಗೆದ್ದ ಹುಮ್ಮಸ್ಸಿನಲ್ಲಿ ಬಾಯಿಬಿಡುತ್ತಾಳೆ. ಗಂಡನನ್ನು ಕರೆತಂದ ಹಂಸವೇ ಕಳೆದುಹೋದ ತಮ್ಮ! ಲೋಹೆನ್‌ಗ್ರಿನ್ ಪ್ರಾರ್ಥಿಸುತ್ತಾನೆ, ಹಂಸ ಮುಳುಗಿ ಗಾಟ್‌ಫ್ರೀಡ್ ಎದ್ದು ಬರುತ್ತಾನೆ. ಪಾರಿವಾಳವೊಂದು ದೋಣಿಯನ್ನು ಎಳೆದೊಯ್ಯುತ್ತದೆ. ಎಲ್ಸಾ ತಮ್ಮನ ತೋಳಿನಲ್ಲಿ ಪ್ರಾಣ ಬಿಡುತ್ತಾಳೆ.

ಇದನ್ನು ಬರೆದವನಿಗೆ ಇದು ಕೇಳಿಸಿದ್ದು ಬಹಳ ತಡವಾಗಿ. ಸಂಗೀತ ಮುಗಿದದ್ದು 1848ರ ಏಪ್ರಿಲ್‌ನಲ್ಲಿ. 1849ರ ಮೇ ತಿಂಗಳ ಡ್ರೆಸ್ಡೆನ್ ದಂಗೆಯಲ್ಲಿ ವಾಗ್ನರ್ ಸೇರಿಕೊಂಡ, ದಂಗೆ ಮುರಿಯಿತು, ಅವನ ಮೇಲೆ ವಾರಂಟು ಹೊರಟಿತು. ಸ್ವಿಟ್ಜರ್ಲೆಂಡಿಗೆ ಓಡಿಹೋದ. ಕೃತಿಯನ್ನು ಕೈಹಿಡಿದವನು ಸಂಗೀತಗಾರ ಫ್ರಾನ್ಸ್ ಲಿಸ್ಟ್. ವೈಮಾರ್ ಎಂಬ ಪುಟ್ಟ ಸಂಸ್ಥಾನದ ರಂಗಮಂದಿರದಲ್ಲಿ, ನಲವತ್ತು ಮಂದಿಯೂ ಇಲ್ಲದ ವಾದ್ಯಮೇಳವನ್ನು ಕಟ್ಟಿಕೊಂಡು, 1850ರ ಆಗಸ್ಟ್ 28ರಂದು, ಕವಿ ಗಯಟೆಯ ಹುಟ್ಟುಹಬ್ಬದ ದಿನ, ಅದನ್ನು ರಂಗಕ್ಕೆ ತಂದ. ಅಂದು ಸಂಜೆ ವಾಗ್ನರ್ ಲುಸರ್ನ್ ಊರಿನ ‘ಹಂಸ’ ಎಂಬ ವಸತಿಗೃಹದಲ್ಲಿ ಗಡಿಯಾರ ನೋಡುತ್ತ ಕೂತಿದ್ದ: ಈಗ ಶುರುವಾಗಿರಬೇಕು, ಈಗ ಮುಗಿದಿರಬೇಕು ಎಂದು. ತನ್ನ ಕೃತಿಯನ್ನು ಪೂರ್ತಿಯಾಗಿ ಕೇಳಿದ್ದು 1861ರ ಮೇ ತಿಂಗಳಲ್ಲಿ, ವಿಯೆನ್ನಾದಲ್ಲಿ. ಅದೇ ವರ್ಷ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ ಇದನ್ನು ನೋಡಿದ ಹದಿನೈದರ ಹುಡುಗನೊಬ್ಬ ಬವೇರಿಯಾದ ಯುವರಾಜ ಲುಡ್ವಿಗ್. ಮೂರು ವರ್ಷದಲ್ಲಿ ಅವನು ದೊರೆಯಾದ, ಸಾಲಗಾರರಿಂದ ತಲೆಮರೆಸಿಕೊಂಡಿದ್ದ ವಾಗ್ನರ್‌ನನ್ನು ಹುಡುಕಿಸಿ ಕರೆಸಿ ಸಾಲ ತೀರಿಸಿದ. ಅವನು ಬೆಟ್ಟದ ಮೇಲೆ ಕಟ್ಟಿಸಿದ ನಾಯ್‌ಶ್ವಾನ್‌ಸ್ಟೈನ್ ಕೋಟೆಯ ಗೋಡೆಗಳಲ್ಲಿ ಈ ಕತೆಯ ಚಿತ್ರಗಳನ್ನು ಈಗಲೂ ನೋಡಬಹುದು.

ಇನ್ನೊಂದು ವಿಷಯ ಹೇಳದೆ ಮುಗಿಸಿದರೆ ಅನ್ಯಾಯವಾದೀತು. ವೈಮಾರ್ ಪ್ರದರ್ಶನ ಆಗಿ ವಾರ ಕಳೆಯುವಷ್ಟರಲ್ಲಿ, 1850ರ ಸೆಪ್ಟೆಂಬರ್‌ನಲ್ಲಿ, ಇದೇ ವಾಗ್ನರ್ ಸುಳ್ಳು ಹೆಸರಿನಲ್ಲಿ ಯಹೂದಿ ಸಂಗೀತಗಾರರನ್ನು ನಿಂದಿಸುವ ಲೇಖನ ಅಚ್ಚು ಮಾಡಿಸಿದ. ಅದು ದ್ವೇಷದ ಬರಹ. ಸಂಗೀತ ಎಷ್ಟೇ ದೊಡ್ಡದಾದರೂ ಅದನ್ನು ಮರೆಸಲಾರದು. ಹನ್ನೆರಡನೆಯ ವಯಸ್ಸಿನಲ್ಲಿ ಲಿಂಟ್ಸ್ ಊರಿನಲ್ಲಿ ‘ಲೋಹೆನ್‌ಗ್ರಿನ್’ ನೋಡಿ ಮರುಳಾದೆ ಎಂದು ಹಿಟ್ಲರ್ ಬರೆದುಕೊಂಡಿದ್ದಾನೆ. ಮೊದಲ ಅಂಕದಲ್ಲಿ ದೊರೆ ಜರ್ಮನ್ ನಾಡಿಗಾಗಿ ದಂಡು ಕರೆಯುವ ಮಾತುಗಳನ್ನು ಹಿಟ್ಲರನ ಕಾಲದವರು ತಮಗೆ ಬೇಕಾದ ಹಾಗೆ ಕೇಳಿಸಿಕೊಂಡರು. ಅದಕ್ಕೆ ತಕ್ಕ ಉತ್ತರ ಕೊಟ್ಟವನು ಚಾರ್ಲಿ ಚಾಪ್ಲಿನ್. 1940ರ ‘ದಿ ಗ್ರೇಟ್ ಡಿಕ್ಟೇಟರ್’ ಚಿತ್ರದಲ್ಲಿ ಸರ್ವಾಧಿಕಾರಿ ಭೂಗೋಳದ ಬಲೂನಿನೊಂದಿಗೆ ಕುಣಿಯುವಾಗ ಹಿಂದೆ ಕೇಳುವುದು ಈ ನಾಟಕದ ಪೀಠಿಕೆ. ಕೊನೆಯಲ್ಲಿ ಯಹೂದಿ ಕ್ಷೌರಿಕ ಮನುಷ್ಯರೆಲ್ಲ ಒಂದೇ ಎಂಬ ಮಾತನ್ನು ಮುಗಿಸುವಾಗ ಮತ್ತೆ ಕೇಳುವುದೂ ಅದೇ ಪೀಠಿಕೆ. ಆ ಸಂಗೀತವನ್ನು ಸರ್ವಾಧಿಕಾರಿಯ ಕೈಯಿಂದ ಕಿತ್ತು ಕ್ಷೌರಿಕನಿಗೆ ಕೊಟ್ಟ ಚಾಪ್ಲಿನ್ನನ ತೀರ್ಪು ನನಗೆ ಸರಿ ಎನಿಸುತ್ತದೆ.

ಇಡೀ ನಾಟಕ ಮೂರೂವರೆ ತಾಸಿನದು. ಭಾಷೆ ಬಾರದವರು ಒಮ್ಮೆಗೇ ಅಷ್ಟೂ ಕೇಳಬೇಕಾಗಿಲ್ಲ. ಮೊದಲು ಪೀಠಿಕೆಯನ್ನು ಬೇರೆ ಕೆಲಸ ಬಿಟ್ಟು ಕೇಳಿ. ಆಮೇಲೆ ಮೂರನೆಯ ಅಂಕದ ಶಯನಗೃಹದ ಯುಗಳಗೀತ, ಕೊನೆಗೆ ಲೋಹೆನ್‌ಗ್ರಿನ್ ತನ್ನ ಹೆಸರು ಹೇಳುವ ಭಾಗ. ಧ್ವನಿಮುದ್ರಣಗಳು ಬಹಳ ಇವೆ. ರುಡಾಲ್ಫ್ ಕೆಂಪೆ 1962–63ರಲ್ಲಿ ವಿಯೆನ್ನಾ ವಾದ್ಯಮೇಳದೊಂದಿಗೆ ಮಾಡಿದ್ದನ್ನು ನಾನು ಮೊದಲು ಹೇಳುತ್ತೇನೆ. ಅದರಲ್ಲಿ ಎಲ್ಸಾ ಆಗಿ ಹಾಡಿದವರು ಎಲಿಜಬೆತ್ ಗ್ರೂಮರ್, ಓರ್ಟ್ರೂಡ್ ಆಗಿ ಕ್ರಿಸ್ಟಾ ಲುಡ್ವಿಗ್, ಲೋಹೆನ್‌ಗ್ರಿನ್ ಜೆಸ್ ಥಾಮಸ್. ಗ್ರೂಮರ್ ಆ ಪ್ರಶ್ನೆಯನ್ನು ಹೇಗೆ ಕೇಳುತ್ತಾರೆ ಎಂಬುದನ್ನು ಗಮನಿಸಿ, ಎಲ್ಸಾಳ ಬಗ್ಗೆ ನಿಮ್ಮ ತೀರ್ಮಾನವನ್ನು ನೀವೇ ಮಾಡಿ.